ಪಾಲಿಗೆ ಬಂದದ್ದು ಪಂಚಾಮೃತವೇ?

ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ಯುಗಾದಿ ಮುಗಿದು ಜಾತ್ರೆ ಹತ್ತಿರ ಬರುವ ಹೊತ್ತಿಗೆ, ಊರಿನಿಂದ ನನಗೊಂದು ಫೋನ್ ಬರುತ್ತದೆ. ಮಳೆ ಬೆಳೆ, ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು ಎಲ್ಲ ಆದ ಮೇಲೆ ಆ ಕಡೆಯ ದನಿ ಸ್ವಲ್ಪ ಗಂಭೀರವಾಗುತ್ತದೆ. "ಈ ಸಲ ನಿಮ್ಮ ಸಹಭಾಗಿತ್ವ ಬೇಕ್ರಿ." ಸಹಭಾಗಿತ್ವ ಅಂದರೆ ಎಷ್ಟು ಎಂದು ನಾನು ಕೇಳುತ್ತೇನೆ. ಐದು ಸಾವಿರದಿಂದ ಮಾತು ಶುರುವಾಗುತ್ತದೆ.

ನಾನು ಪುಣೆಗೆ ಬಂದದ್ದು 1984ರಲ್ಲಿ. ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಸೇರಿ, ಅಲ್ಲೇ ನಿವೃತ್ತನಾದೆ. ನಮ್ಮೂರು ಮಲಪ್ರಭೆಯ ದಂಡೆಗೆ ಹತ್ತಿರದ ಒಂದು ಸಣ್ಣ ಹಳ್ಳಿ. ಹೆಸರು ಬೇಡ. ಮುಂದೆ ಹೇಳುವ ಸಂಗತಿಯಲ್ಲಿ ತಪ್ಪು ಹೆಚ್ಚಾಗಿ ನಮ್ಮಂಥವರದೇ, ಊರಿನ ಹೆಸರು ಯಾಕೆ ಕೆಡಿಸಬೇಕು? ಪುಣೆಯಲ್ಲಿ ನಮ್ಮೂರಿನ, ಅಕ್ಕಪಕ್ಕದ ಊರುಗಳ ಇಪ್ಪತ್ತು ಇಪ್ಪತ್ತೈದು ಮನೆಗಳಿವೆ. ಹಬ್ಬಕ್ಕೆ ಸೇರುತ್ತೇವೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುತ್ತೇವೆ, ಊರು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತೇವೆ. ಹೊರಗಿರುವವರಿಗೆ ಊರ ಮೇಲಿನ ಪ್ರೀತಿ ಹೆಚ್ಚು. ಖರ್ಚು ಕಡಿಮೆ ನೋಡಿ.

2011ರಲ್ಲಿ ನಾವೆಲ್ಲ ಸೇರಿ ಊರಿಗೆ ಏನಾದರೂ ಮಾಡಬೇಕೆಂದು ಗೊತ್ತುಮಾಡಿದೆವು. ದೇವಸ್ಥಾನಕ್ಕೆ ಕೊಡುವವರು ಬಹಳ ಮಂದಿ ಇದ್ದಾರೆ, ನಾವು ಆರೋಗ್ಯಕ್ಕೆ ಕೊಡೋಣ ಎಂದು ನಾನೇ ಸೂಚಿಸಿದೆ. ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಒಂದು ಹೆರಿಗೆ ಟೇಬಲ್ಲು, ಒಂದು ತೂಕದ ಯಂತ್ರ, ಎರಡು ಕಪಾಟು ಕೊಟ್ಟೆವು. ಕಾರ್ಯಕ್ರಮವಾಯಿತು. ಶಾಮಿಯಾನ, ಹಾರ, ಶಾಲು. ನನ್ನನ್ನು ವೇದಿಕೆ ಮೇಲೆ ಕೂರಿಸಿದರು. ಗ್ರಾಮೀಣ ಆರೋಗ್ಯದಲ್ಲಿ ಸಮುದಾಯದ ಸಹಭಾಗಿತ್ವ ಎಂಬ ವಿಷಯವಾಗಿ ನಾನು ಹತ್ತು ನಿಮಿಷ ಮಾತಾಡಿದೆ. ಎದುರಿಗೆ ಒಂದು ಬದಿಗೆ ಹೆಣ್ಣುಮಕ್ಕಳು ಸೆರಗು ಹೊದ್ದು ಕೂತಿದ್ದರು. ಅವರೂ ಚಪ್ಪಾಳೆ ತಟ್ಟಿದರು.

ಮೂರು ವರ್ಷ ಬಿಟ್ಟು ತಮ್ಮನ ಮಗಳ ಮದುವೆಗೆ ಹೋದಾಗ ಉಪಕೇಂದ್ರದ ಕಡೆ ಕಾಲು ಹಾಕಿದೆ. ನಮ್ಮ ಟೇಬಲ್ಲಿನ ಮೇಲೆ ಹಳೆಯ ರಜಿಸ್ಟರುಗಳ ಗಂಟು, ಎರಡು ಖಾಲಿ ಡಬ್ಬಿ, ಒಂದು ಮುರಿದ ಕುರ್ಚಿ. ದಾನಿಗಳ ಹೆಸರಿದ್ದ ಫಲಕ ಮಾತ್ರ ಫಳಫಳ ಹೊಳೆಯುತ್ತಿತ್ತು. ಅಲ್ಲಿ ಒಂದೂ ಹೆರಿಗೆ ಆಗಿರಲಿಲ್ಲ.

ನಮ್ಮೂರಿನ ಆಶಾ ಕಾರ್ಯಕರ್ತೆ ನಮ್ಮ ಓಣಿಯವಳೇ. ನನಗೆ ಕಾಕಾ ಅನ್ನುತ್ತಾಳೆ. ಯಾಕವ್ವಾ ಹೀಗೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಟೇಬಲ್ಲೇನ ಛಲೋ ಐತ್ರಿ ಕಾಕಾ. ಆದ್ರ ಇಲ್ಲಿ ನಳಕ್ಕ ನೀರು ಬರಂಗಿಲ್ಲ. ರಾತ್ರಿ ಲೈಟ್ ಇರಂಗಿಲ್ಲ. ನರ್ಸಬಾಯಿ ಸಂಜೀಕ ಬಸ್ ಹಿಡದು ಹೋಗ್ತಾರ. ಬ್ಯಾನಿ ತಿನ್ನೋ ಹೆಣ್ಮಗಳನ್ನ ಇಲ್ಲಿ ತಂದು ಏನ್ ಮಾಡ್ಲಿ?"

"ಮೊದಲೇ ಹೇಳಬಾರದಿತ್ತೇನವ್ವ?"

"ಯಾರು ಕೇಳಿದ್ರಿ ಕಾಕಾ? ಮೀಟಿಂಗ್ ಆತು, ಸಹಿ ಮಾಡು ಅಂದ್ರು, ಮಾಡಿದೆ. ಬುಕ್ಕಿನ್ಯಾಗ ನಮ್ಮ ಸಹಿ ಐತಿ, ಮಾತಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಆದರೂ ಆ ಮಾತು ನನ್ನ ಜೊತೆ ಪುಣೆಯ ತನಕ ಬಂತು, ಇನ್ನೂ ಬಿಟ್ಟು ಹೋಗಿಲ್ಲ. ಒಂದು ಕೆಲಸದಲ್ಲಿ ನಾನು ಭಾಗಿಯಾದೆ ಎಂದು ಹೇಳಬೇಕಾದರೆ ಏನಿರಬೇಕು? ನನ್ನ ಹಣವೇ, ನನ್ನ ದುಡಿಮೆಯೇ, ನನ್ನ ಸಹಿಯೇ, ಇಲ್ಲ ನನ್ನ ಮಾತೇ?

ನಮ್ಮ ಅಪ್ಪ ನಾಲ್ಕೆಕರೆ ಹೊಲವನ್ನು ಪಾಲಿಗೆ ಹಾಕಿದ್ದರು. ಪಾಲಿಗೆ ಮಾಡುತ್ತಿದ್ದಾತ ಬಿತ್ತನೆಗೆ ಮುಂಚೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. ಈ ಸಲ ಜೋಳವೋ ಕಡಲೆಯೋ, ಬೀಜ ಯಾರದು, ಗೊಬ್ಬರ ಯಾರದು ಎಲ್ಲ ಮಾತಾಗುತ್ತಿತ್ತು. "ಆ ತಗ್ಗಿನ ಪಟ್ಟಿಯೊಳಗ ಕಡ್ಲಿ ಬ್ಯಾಡ್ರಿ, ನೀರು ನಿಂದರತೈತಿ" ಎಂದು ಆತ ಅಂದರೆ ಅಪ್ಪ ಕೇಳುತ್ತಿದ್ದರು. ಆ ನೆಲದಲ್ಲಿ ನಿಲ್ಲುವವನು ಆತ ತಾನೇ? ರಾಶಿಯಾದ ಮೇಲೆ ಕಣದಲ್ಲೇ ಪಾಲು. ಅಂದರೆ ಪಾಲುದಾರನಿಗೆ ಮೂರು ಕಡೆ ಜಾಗವಿತ್ತು: ಬಿತ್ತುವ ಮುಂಚಿನ ಮಾತಿನಲ್ಲಿ, ದುಡಿಮೆಯಲ್ಲಿ, ರಾಶಿಯಲ್ಲಿ. ಮೂರರಲ್ಲಿ ದುಡಿಮೆ ಒಂದನ್ನೇ ಇಟ್ಟು ಉಳಿದೆರಡನ್ನು ತೆಗೆದರೆ ಅವನನ್ನು ಪಾಲುದಾರ ಅನ್ನುವುದಿಲ್ಲ, ಕೂಲಿ ಅನ್ನುತ್ತಾರೆ. ಕೂಲಿಯನ್ನೂ ಸರಿಯಾಗಿ ಕೊಡದಿದ್ದರೆ ಅದಕ್ಕೆ ಬಿಟ್ಟಿ ಚಾಕರಿ ಎಂದು ಹೆಸರು.

ಈ ಲೆಕ್ಕವನ್ನು ಆರೋಗ್ಯದ ಯೋಜನೆಗಳಿಗೆ ಹಚ್ಚಿ ನೋಡಬೇಕೆಂದು ನನಗೆ ಅನಿಸಿತು. ನಿವೃತ್ತನಾದ ಮೇಲೆ ಓದಲು ಸಮಯವೂ ಸಿಕ್ಕಿತು. ಹಳ್ಳಿಯ ಆರೋಗ್ಯದಲ್ಲಿ ಹಳ್ಳಿಯವರದೇ ಕೈ ಇರಬೇಕು ಎಂಬ ಮಾತು ಇಂದು ನಿನ್ನೆಯದಲ್ಲ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ ಬಂದ ಭೋರ್ ಸಮಿತಿಯ ವರದಿಯಲ್ಲೇ ಹಳ್ಳಿಗೊಂದು ಆರೋಗ್ಯ ಸಮಿತಿ ಇರಬೇಕೆಂಬ ಸಲಹೆಯಿತ್ತು. 1977ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ನೇಮಿಸುವ ಯೋಜನೆ ತಂದಿತು. ತಿಂಗಳಿಗೆ 50 ರೂಪಾಯಿ ಗೌರವಧನ. ಆರಿಸಿ ಬಂದವರು ಹೆಚ್ಚಾಗಿ ಗಂಡಸರು. ಬಾಣಂತಿಯ ಕೋಣೆಯೊಳಗೆ ಹೋಗಲಾಗದ ಗಂಡಸರಿಗೆ ಬಾಣಂತಿಯ ಆರೋಗ್ಯ ನೋಡುವ ಕೆಲಸ! ಇನ್ನು 1978ರ ಸೆಪ್ಟೆಂಬರಿನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಆಲ್ಮಾ ಅಟಾ ನಗರದಲ್ಲಿ, 134 ದೇಶಗಳ ಪ್ರತಿನಿಧಿಗಳು ಸೇರಿ ಒಂದು ಘೋಷಣೆ ಹೊರಡಿಸಿದರು. ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲೂ ಜಾರಿಯಲ್ಲೂ ಭಾಗವಹಿಸುವುದು ಜನರ ಹಕ್ಕು, ಕರ್ತವ್ಯವೂ ಹೌದು ಎಂಬುದು ಅದರ ಒಂದು ಮುಖ್ಯ ಮಾತು.

ಹಕ್ಕು ಮತ್ತು ಕರ್ತವ್ಯ. ಒಂದೇ ವಾಕ್ಯದಲ್ಲಿ ಜೋಡಿ ಎತ್ತಿನ ಹಾಗೆ ಕಟ್ಟಿದ ಪದಗಳು. ಆದರೆ ನಮ್ಮಲ್ಲಿ ಆದದ್ದೇನು? ಕರ್ತವ್ಯದ ಎತ್ತನ್ನು ಹೂಡಿದೆವು, ಹಕ್ಕಿನ ಎತ್ತನ್ನು ಕೊಟ್ಟಿಗೆಯಲ್ಲೇ ಬಿಟ್ಟೆವು. ಒಂಟಿ ಎತ್ತಿನ ಮೇಲೆ ನೊಗ ಹೇರಿ ಬಂಡಿ ಯಾಕೆ ಓರೆಯಾಗಿ ಹೋಗುತ್ತದೆ ಎಂದು ಆಶ್ಚರ್ಯಪಡುತ್ತೇವೆ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನೇ ನೋಡಿ. ಸುಮಾರು ಸಾವಿರ ಜನಕ್ಕೊಬ್ಬ ಆಶಾ, ಅದೇ ಊರಿನ ಹೆಣ್ಣುಮಗಳು. ಹಳ್ಳಿಗೊಂದು ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ. ಅದರ ಖಾತೆಗೆ ವರ್ಷಕ್ಕೆ 10,000 ರೂಪಾಯಿ. ಹೇಗೆ ಖರ್ಚು ಮಾಡಬೇಕೆಂದು ಸಮಿತಿಯೇ ತೀರ್ಮಾನಿಸಬಹುದು. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ, ಎಷ್ಟೋ ಕಡೆ ನಿಜವಾಗಿಯೂ ಒಳ್ಳೆಯದಾಗಿದೆ. ಆಶಾ ಎಂಬ ಹೆಸರಿನ ವಿಸ್ತರಣೆಯಲ್ಲಿ ಆಕೆ 'ಕಾರ್ಯಕರ್ತೆ'. ಸಂಬಳದ ಪ್ರಶ್ನೆ ಬಂದಾಗ ಮಾತ್ರ ಆಕೆ 'ಸ್ವಯಂಸೇವಕಿ'. ಕೋವಿಡ್ ಕಾಲದಲ್ಲಿ ಮನೆಮನೆ ತಿರುಗಿದವರು ಇವರೇ. ಅದೇ 2020ರ ಜುಲೈನಲ್ಲಿ ಕರ್ನಾಟಕದ ಆಶಾಗಳು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಪ್ರಶಸ್ತಿಯನ್ನು ಒಲೆಯ ಮೇಲಿಟ್ಟರೆ ರೊಟ್ಟಿ ಬೇಯುವುದಿಲ್ಲ ತಾನೇ?

ಇಲ್ಲಿ ಪುಣೆಯಲ್ಲಿ ಬೆಳಗಿನ ವಾಯುವಿಹಾರದಲ್ಲಿ ನನಗೊಬ್ಬ ಗೆಳೆಯರಿದ್ದಾರೆ. ಮರಾಠಿಯವರು, ನಿವೃತ್ತ ವೈದ್ಯರು. ನನ್ನ ಟೇಬಲ್ಲಿನ ಕತೆ ಹೇಳಿ, ಜನರನ್ನು ಕೇಳಿ ಮಾಡಬೇಕಿತ್ತು ಎಂದೆ. ಅವರು ಒಪ್ಪಲಿಲ್ಲ. "ಒಂದು ಮಾತು ಕೇಳುತ್ತೇನೆ. ಕಳೆದ ವರ್ಷ ನಿಮಗೆ ಹೃದಯದ ಚಿಕಿತ್ಸೆ ಆಯಿತಲ್ಲ, ಆಗ ಆಸ್ಪತ್ರೆಯವರು ನಿಮ್ಮ ಸಹಭಾಗಿತ್ವ ಕೇಳಿದರೇ? ಗೋಡೆಗೆ ಸುಣ್ಣ ಹಚ್ಚಲು ಬನ್ನಿ, ಸಮಿತಿ ಸಭೆಗೆ ಬನ್ನಿ ಎಂದರೇ? ಇಲ್ಲ. ಹಣ ಕೊಟ್ಟಿರಿ, ಸೇವೆ ಸಿಕ್ಕಿತು. ಹಾಗಾದರೆ ದಿನಗೂಲಿ ಬಿಟ್ಟು ಸಭೆಗೆ ಬಂದು ಕೂರಬೇಕೆಂದು ಬಡವರಿಗೆ ಮಾತ್ರ ಯಾಕೆ ಹೇಳುತ್ತೀರಿ? ಉಳ್ಳವರಿಗೆ ಸೇವೆ, ಇಲ್ಲದವರಿಗೆ ಸಹಭಾಗಿತ್ವ. ಇದ್ಯಾವ ನ್ಯಾಯ?"

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ಸತ್ಯವಿತ್ತು. ಸರ್ಕಾರ ಮಾಡಬೇಕಾದ ಕೆಲಸವನ್ನು ಜನರ ತಲೆಗೆ ಕಟ್ಟಿ, ಅದಕ್ಕೆ ಸಹಭಾಗಿತ್ವ ಎಂದು ಚಂದದ ಹೆಸರಿಡುವುದು ಸುಲಭ. ಅದರಲ್ಲೂ ಆ ಕೆಲಸ ಹೋಗಿ ಬೀಳುವುದು ಹೆಣ್ಣುಮಕ್ಕಳ ತಲೆಯ ಮೇಲೆ, ಬಡವರ ಹೆಣ್ಣುಮಕ್ಕಳ ತಲೆಯ ಮೇಲೆ.

ಉತ್ತರ ಹುಡುಕುವಾಗ ನೆನಪಾದದ್ದು ಒಂದು ಜನಸುನವಾಯಿ. 2007ರಲ್ಲಿ ಒಂಬತ್ತು ರಾಜ್ಯಗಳಲ್ಲಿ, ಅದರಲ್ಲಿ ನಮ್ಮ ಕರ್ನಾಟಕವೂ ಸೇರಿದೆ, ಆರೋಗ್ಯ ಸೇವೆಯ ಮೇಲೆ ಜನರೇ ನಿಗಾ ಇಡುವ ಒಂದು ಪ್ರಯೋಗ ಶುರುವಾಯಿತು. ಮಹಾರಾಷ್ಟ್ರದಲ್ಲಿ ಪುಣೆ ಜಿಲ್ಲೆಯೂ ಅದರಲ್ಲಿತ್ತು. ಹಳ್ಳಿಯವರು ಕೂತು ತಮ್ಮ ಉಪಕೇಂದ್ರಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂಕಪಟ್ಟಿ ತಯಾರಿಸುತ್ತಿದ್ದರು. ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಅಂದರೆ ಹಳದಿ, ಕೆಟ್ಟದಾಗಿದ್ದರೆ ಕೆಂಪು. ಓದು ಬರದವರಿಗೂ ತಿಳಿಯುವ ಲೆಕ್ಕ. ಆಮೇಲೆ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಜನಸುನವಾಯಿ. ಪರಿಚಯದ ಒಬ್ಬರು ಕರೆದರೆಂದು ಕುತೂಹಲಕ್ಕೆ ನಾನು ಅಂಥ ಒಂದು ಸಭೆಗೆ ಹೋಗಿದ್ದೆ.

ಅಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಒಂಬತ್ತುವಾರಿ ಸೀರೆ, ಕೈಯಲ್ಲಿ ಒಂದು ಚೀಟಿ. ಹೊರಗಿನ ಅಂಗಡಿಯಲ್ಲಿ ಔಷಧ ಕೊಳ್ಳಲು ದವಾಖಾನೆಯಲ್ಲಿ ಬರೆದುಕೊಟ್ಟ ಚೀಟಿ. ಇಲ್ಲಿ ಪುಕ್ಕಟೆ ಸಿಗಬೇಕಾದ ಮದ್ದು ಹೊರಗೆ ಯಾಕೆ ಕೊಳ್ಳಬೇಕು ಎಂದು ಕೇಳಿದಳು. ದನಿ ನಡುಗುತ್ತಿತ್ತು, ಆದರೆ ಕೂರಲಿಲ್ಲ. ವೈದ್ಯಾಧಿಕಾರಿ ತರುಣ. ಮೊದಲು ಸಿಡಿಮಿಡಿಗೊಂಡ, ಆಮೇಲೆ ತಡೆದು, ಔಷಧದ ಬೇಡಿಕೆ ಕಳಿಸಿ ಎಷ್ಟು ದಿನವಾಯಿತು, ಎಷ್ಟು ಬಂತು ಎಂಬುದನ್ನು ಎಲ್ಲರೆದುರು ಓದಿ ಹೇಳಿದ. ಆಂಬುಲೆನ್ಸ್ ಇದೆ, ಚಾಲಕನಿಲ್ಲ ಎಂಬ ತನ್ನ ಕಷ್ಟವನ್ನೂ ಹೇಳಿಕೊಂಡ. ಆ ಪ್ರಶ್ನೆ ಅವನಿಂದ ಮೇಲಿನ ಅಧಿಕಾರಿಯ ಕಡೆ ಹೋಯಿತು. ಅವರು ಉತ್ತರಿಸಲು ಒಂದು ತಾರೀಖು ಕೊಡಬೇಕಾಯಿತು. ಆ ತಾರೀಖಿಗೆ ಔಷಧ ಬಂತೋ ಇಲ್ಲವೋ ನಾನು ನೋಡಲಿಲ್ಲ. ನೋಡಿದ್ದು ಇಷ್ಟು: ಅಜ್ಜಿ ಕೇಳಿದಳು, ಸರ್ಕಾರ ಉತ್ತರಿಸಿತು.

ಗೆಳೆಯರಿಗೆ ಆಮೇಲೆ ಹೀಗೆ ಹೇಳಿದೆ: ನೀವು ಹೇಳಿದ್ದು ಅರ್ಧ ನಿಜ. ಕೆಲಸ ಸರ್ಕಾರದ್ದು, ಅದನ್ನು ಜನರ ತಲೆಗೆ ಕಟ್ಟಬಾರದು. ಆದರೆ ಪ್ರಶ್ನೆ ಜನರದು, ಅದನ್ನು ಅವರಿಂದ ಕಿತ್ತುಕೊಳ್ಳಲೂಬಾರದು. ಸಹಭಾಗಿತ್ವ ಎಂಬುದು ಸೇವೆ ಪಡೆಯಲು ತೆರಬೇಕಾದ ಬೆಲೆಯಾದರೆ ಅದು ಅನ್ಯಾಯ. ಸೇವೆಯ ಮೇಲಿರುವ ಅಧಿಕಾರವಾದರೆ ಅದು ನ್ಯಾಯ. ಸಭೆಗೆ ಬರಲೇಬೇಕು ಎಂದು ಯಾರನ್ನೂ ಎಳೆಯಬೇಕಾಗಿಲ್ಲ. ಬಂದು ಕೇಳಿದವಳಿಗೆ ಉತ್ತರ ಸಿಗಬೇಕು, ಬೇಡ ಎಂದವಳ ಮಾತಿಗೆ ತೂಕವಿರಬೇಕು. ನನಗೆ ಆಸ್ಪತ್ರೆಯಲ್ಲಿ ಆ ಅಧಿಕಾರ ಹಣದಿಂದ ಬಂತು. ಸೇವೆ ಸರಿ ಕಾಣದಿದ್ದರೆ ಎದುರಿನ ಆಸ್ಪತ್ರೆಗೆ ಹೋಗುತ್ತಿದ್ದೆ. ಹೋಗಲು ಬೇರೆ ಕಡೆ ಇಲ್ಲದವರಿಗೆ ಪ್ರಶ್ನೆಯೊಂದೇ ಉಳಿದ ಅಧಿಕಾರ. ಗೆಳೆಯರು ಪೂರ್ತಿ ಒಪ್ಪಲಿಲ್ಲ, ಆದರೆ ಆ ದಿನದ ಚಹಾದ ಹಣ ಅವರೇ ಕೊಟ್ಟರು.

ಇಷ್ಟಕ್ಕೆ ಸಮಾಧಾನಪಡಬಹುದಿತ್ತು. ಆದರೆ ಇನ್ನೊಂದು ಮುಳ್ಳು ಉಳಿದಿತ್ತು. 'ಜನ' ಎಂದರೆ ಯಾರು? 'ಸಮುದಾಯ' ಎಂದು ಸರ್ಕಾರಿ ಕಾಗದದಲ್ಲಿ ಬರೆಯುವುದು ಸುಲಭ. ನಮ್ಮೂರಲ್ಲಿ ಅಂಥದೊಂದು ಇಡಿಯಾದ ವಸ್ತು ನಾನು ಕಂಡಿಲ್ಲ. ಮೇಲಿನ ಓಣಿ ಇದೆ, ಕೆಳಗಿನ ಓಣಿ ಇದೆ, ಊರಾಚೆಯ ಕೇರಿ ಇದೆ. ನಾವು ಊರಿನವರನ್ನು ಕೇಳಿದೆವು ಎಂದರೆ ಕಟ್ಟೆಯ ಮೇಲೆ ಕೂರುವ ನಾಲ್ಕು ಮಂದಿಯನ್ನು ಕೇಳಿದೆವು ಎಂದೇ ಅರ್ಥ. 2011ರಲ್ಲಿ ನಾವು ಯಾರನ್ನೂ ಕೇಳಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಕೇಳಿದ್ದೆವು, ಆ ನಾಲ್ಕು ಮಂದಿಯನ್ನು. ಹೆರಿಗೆ ಟೇಬಲ್ಲಿನ ಬಗ್ಗೆ ನಾಲ್ವರು ಗಂಡಸರ ಅಭಿಪ್ರಾಯ ಪಡೆದಿದ್ದೆವು!

ಮಹಾರಾಷ್ಟ್ರದ ಜಾಮಖೇಡದ ಕತೆ ಈ ಪ್ರಶ್ನೆಗೆ ನನಗೆ ಸ್ವಲ್ಪ ಬೆಳಕು ಕೊಟ್ಟಿತು. 2024ರಲ್ಲಿ ಅಹಿಲ್ಯಾನಗರ ಎಂದು ಹೆಸರು ಬದಲಾದ ಅಹಮದ್‌ನಗರ ಜಿಲ್ಲೆಯ ಬರದ ಸೀಮೆ ಅದು. 1970ರಲ್ಲಿ ರಜನಿಕಾಂತ್ ಆರೋಳೆ ಮತ್ತು ಮೇಬೆಲ್ ಆರೋಳೆ ಎಂಬ ವೈದ್ಯ ದಂಪತಿ ಅಲ್ಲಿ ಕೆಲಸ ಆರಂಭಿಸಿದರು. ಜನರ ಜೊತೆ ಕೂತು ಮಾತಾಡಿದಾಗ ಅವರ ಮೊದಲ ಬೇಡಿಕೆ ಮದ್ದಲ್ಲ, ನೀರು ಮತ್ತು ಅನ್ನ ಎಂದು ಗೊತ್ತಾಯಿತು. ಬರದ ದಿನಗಳಲ್ಲಿ ಕೊಳವೆಬಾವಿ ಕೊರೆಸುವಾಗ ಅವು ದಲಿತರ ಕೇರಿಗಳಲ್ಲಿಯೂ ಬೀಳುವಂತೆ ನೋಡಿಕೊಂಡರು. ನೀರು ಬೇಕಾದ ಮೇಲ್ಜಾತಿಯವರು ಕೇರಿಗೇ ಕೊಡ ಹಿಡಿದು ಬರಬೇಕಾಯಿತು. ಮೊದಲು ತರಬೇತಾದ ದಾದಿಯರನ್ನು ಹಳ್ಳಿಗಳಲ್ಲಿ ಇರಿಸಲು ನೋಡಿದರು, ಅದು ನಿಲ್ಲಲಿಲ್ಲ. ಆಮೇಲೆ ಆಯಾ ಊರಿನ ಹೆಂಗಸರನ್ನೇ ಗ್ರಾಮ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಅವರಲ್ಲಿ ಅನೇಕರು ಅಕ್ಷರ ಬಾರದವರು, ಅನೇಕರು ದಲಿತರು. ಯಾರ ಕೈಯ ನೀರನ್ನು ಊರು ಮುಟ್ಟುತ್ತಿರಲಿಲ್ಲವೋ ಅವಳ ಕೈಗೆ ಊರು ತನ್ನ ಕೂಸನ್ನು ಕೊಟ್ಟಿತು. 1979ರಲ್ಲಿ ಆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಲ್ಮಾ ಅಟಾದ ಮಾತಿಗೂ ಆಶಾ ಯೋಜನೆಗೂ ಮುಂಚೆಯೇ ನಡೆದ ಕೆಲಸ ಇದು.

ಹಳ್ಳಿಯ ಒಳಗಿನವರು ಮಾತ್ರ ತೀರ್ಮಾನಿಸಲಿ ಎಂದು ಆ ವೈದ್ಯರು ಸುಮ್ಮನೆ ಕೂತಿದ್ದರೆ ಬಾವಿ ಎಲ್ಲಿ ಬೀಳುತ್ತಿತ್ತು? ಕಟ್ಟೆಯ ಪಕ್ಕದಲ್ಲಿ. ಅಂದರೆ ಹೊರಗಿನವನಿಗೂ ಒಂದು ಕೆಲಸವಿದೆ. ತೀರ್ಮಾನ ಮಾಡುವುದಲ್ಲ, ಯಾರ ದನಿ ಕೇಳುತ್ತಿಲ್ಲವೋ ಅದು ಕೇಳುವಂತೆ ಜಾಗ ಮಾಡಿಕೊಡುವುದು. ಇದು ದಾನಕ್ಕಿಂತ ಕಷ್ಟ. ದಾನ ಕೊಟ್ಟವನಿಗೆ ವೇದಿಕೆಯ ಮೇಲೆ ಕುರ್ಚಿ ಸಿಗುತ್ತದೆ. ಇಲ್ಲಿ ಆ ಕುರ್ಚಿಯನ್ನೇ ಬಿಟ್ಟು ಏಳಬೇಕು.

ಊರಲ್ಲೇ ಇರುವ ನಿಮಗೆ ನಮ್ಮ ಸ್ಥಿತಿ ವಿಚಿತ್ರವಾಗಿ ಕಾಣಬಹುದು. ಪುಣೆಯಲ್ಲಿ ನಾನಿರುವ ವಾರ್ಡಿನ ಗಟಾರ ತುಂಬಿದರೆ ಸೊಳ್ಳೆ ಕಚ್ಚುವುದು ನನಗೆ, ಡೆಂಗಿ ಬಂದದ್ದು ನನ್ನ ಮೊಮ್ಮಗನಿಗೆ. ಆದರೂ ನಲವತ್ತು ವರ್ಷಗಳಲ್ಲಿ ಇಲ್ಲಿನ ಒಂದು ನಾಗರಿಕ ಸಭೆಗೂ ನಾನು ಹೋಗಿಲ್ಲ. ನಾವು ಹೊರಗಿನವರು, ನಮಗ್ಯಾಕೆ ಎಂಬ ಸಬೂಬು. ಮರಾಠಿ ಚೆನ್ನಾಗಿಯೇ ಬರುತ್ತದೆ, ಸಬೂಬು ಮಾತ್ರ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಊರಿನಲ್ಲಿ ನನಗೆ ಯಾವ ಸೊಳ್ಳೆಯೂ ಕಚ್ಚುವುದಿಲ್ಲ, ಅಲ್ಲಿನ ಉಪಕೇಂದ್ರದಲ್ಲಿ ನನ್ನ ಮನೆಯ ಯಾರ ಹೆರಿಗೆಯೂ ಆಗುವುದಿಲ್ಲ. ಅಲ್ಲಿ ಮಾತ್ರ ವೇದಿಕೆ, ಹಾರ, ಹತ್ತು ನಿಮಿಷದ ಭಾಷಣ. ಫಲ ಉಣ್ಣುವ ಕಡೆ ಮೌನ, ಫಲ ತಟ್ಟದ ಕಡೆ ಮಾತು. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿತೋ ಏನೋ. ಊರಿಗೂ ಉಪಕಾರವಾಗಲಿಲ್ಲವಲ್ಲ ಎಂಬುದಷ್ಟೇ ವ್ಯತ್ಯಾಸ.

ಯೋಚಿಸಿ ನಾನು ಮುಟ್ಟಿದ ತೀರ್ಮಾನ ಸರಳವಾದದ್ದು. ಒಂದು ತೀರ್ಮಾನದ ಫಲವನ್ನು ಯಾರು ಮೈಮೇಲೆ ಹೊರುತ್ತಾರೋ ಮೊದಲ ಮಾತು ಅವರದು. ಹಣ ಕೊಟ್ಟವನದಲ್ಲ, ಓದಿದವನದಲ್ಲ, ಊರಿನ ಮೇಲೆ ಪ್ರೀತಿ ಇರುವವನದೂ ಅಲ್ಲ. ಬೇನೆ ತಿನ್ನುವವಳದು, ಅವಳನ್ನು ರಾತ್ರಿ ಟಂಟಂನಲ್ಲಿ ಕೂರಿಸಿಕೊಂಡು ತಾಲೂಕಾಸ್ಪತ್ರೆಗೆ ಓಡುವ ಆಶಾಳದು. ಅವರಿಗೆ "ಪಾಲಿಗೆ ಬಂದದ್ದು ಪಂಚಾಮೃತ" ಎಂದು ನಾವು ಹೇಳಿಕೊಟ್ಟಿದ್ದೇವೆ. ಕೊಟ್ಟಷ್ಟಕ್ಕೆ ಕೈಮುಗಿ, ಪ್ರಶ್ನೆ ಕೇಳಬೇಡ ಎಂಬ ಅರ್ಥದಲ್ಲಿ. ಪಾಲು ಎಂಬ ಮಾತಿಗೆ ನಮ್ಮ ಹೊಲದ ಪಾಲುದಾರ ತಿಳಿದಿದ್ದ ಅರ್ಥ ಅದಲ್ಲ.

ಈ ವರ್ಷವೂ ಫೋನ್ ಬಂತು. ಉಪಕೇಂದ್ರಕ್ಕೆ ಈ ಸಲ ಏನೋ ಒಂದು ಯಂತ್ರ ಕೊಡಿಸಬೇಕಂತೆ. ನಾನು, "ಆ ಹುಡುಗಿ ಕೈಯಾಗ ಫೋನ್ ಕೊಡ್ರಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಕೆಯ ದನಿ ಬಂತು.

"ಏನ್ ಬೇಕವ್ವಾ ನಿಮಗ?"

"ನಾ ಒಬ್ಬಾಕಿನ ಹೆಂಗ ಹೇಳ್ಲ್ರಿ ಕಾಕಾ. ಎಲ್ಲಾರನೂ ಕೇಳ್ತೀನಿ. ಕೇರಿಗೂ ಹೋಗಿ ಕೇಳ್ತೀನಿ."

"ಎಷ್ಟು ದಿನ ಬೇಕು?"

"ಅದೂ ಗೊತ್ತಿಲ್ರಿ."

ಎರಡು ತಿಂಗಳಾಯಿತು, ಇನ್ನೂ ಉತ್ತರ ಬಂದಿಲ್ಲ. ಜಾತ್ರೆಯೊಳಗೆ ಕೊಡಿಸಿದ್ದರೆ ಫಲಕ ಹಾಕಿಸಬಹುದಿತ್ತು ಎಂದು ನಮ್ಮ ಬಳಗದಲ್ಲಿ ಕೆಲವರಿಗೆ ಬೇಸರ. ಬರಬಹುದಾದ ಉತ್ತರ ನಮಗೆ ಹಿಡಿಸದೆಯೂ ಇರಬಹುದು. ಯಂತ್ರ ಬೇಡ, ಈ ನೀರಿನ ಅರ್ಜಿ ಹಿಡಿದು ನೀವೇ ಜಿಲ್ಲಾ ಕಚೇರಿಗೆ ನಮ್ಮ ಜೊತೆ ಬಂದು ನಿಲ್ಲಿ ಎನ್ನಬಹುದು. ಹಾಗೆಂದರೆ ಹೋಗಬೇಕು, ಬಿಸಿಲಲ್ಲಿ ಸರತಿಯಲ್ಲಿ ನಿಲ್ಲಬೇಕು. ಹಣ ಹಾಗೇ ಇದೆ. ನಾನು ಕಾಯುತ್ತಿದ್ದೇನೆ. ಈ ನಡುವೆ, ಮುಂದಿನ ಭಾನುವಾರ ನಮ್ಮ ವಾರ್ಡಿನಲ್ಲಿ ಗಟಾರದ ವಿಷಯವಾಗಿ ಸಭೆ ಇದೆಯಂತೆ. ಅದಕ್ಕೂ ಹೋಗಿ ಬರಬೇಕೆಂದಿದ್ದೇನೆ.